ಎದೆಬಡಿತ ನಿಂತ ಗರ್ಭವನ್ನು ಸಿರಿಂಜಿನಿಂದ ತೆಗೆಸಿದರೆ ಮುಂದೆ ತೊಂದರೆಯೇ?

ಪ್ರಶ್ನೆ: ನನಗೆ 28 ವರ್ಷ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇದು ಮೊದಲ ಬಸಿರು. ಮುಟ್ಟಿನ ಲೆಕ್ಕದಲ್ಲಿ ಒಂಬತ್ತು ವಾರ ತುಂಬಿದಾಗ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ಭ್ರೂಣ 8 ಮಿ.ಮೀ. ಇದೆ, ಎದೆಬಡಿತ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ನನಗೆ ರಕ್ತಸ್ರಾವವಿಲ್ಲ, ನೋವಿಲ್ಲ, ವಾಕರಿಕೆ ಈಗಲೂ ಇದೆ. ಊರಿನಿಂದ ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ವೈದ್ಯರು, ‘ಎಂವಿಎ, ಅಂದರೆ ಸಿರಿಂಜಿನಿಂದ ಹೀರಿ ತೆಗೆಯುವುದು, ಮಾಡೋಣ, ಪ್ರಜ್ಞೆ ತಪ್ಪಿಸುವುದು ಬೇಡ, ಹತ್ತು ನಿಮಿಷದ ಕೆಲಸ’ ಎಂದರು. ಅತ್ತೆಯವರು ಅದು ಅರ್ಧಂಬರ್ಧ ಕೆಲಸ, ಡಿ ಅಂಡ್ ಸಿ (ಗರ್ಭಕೋಶದ ಒಳಗೋಡೆ ಕೆರೆದು ತೆಗೆಯುವುದು) ಮಾಡಿಸಿದರೆ ಪೂರ್ತಿ ಶುದ್ಧವಾಗುತ್ತದೆ, ತಡಮಾಡಿದರೆ ಮೈಗೆಲ್ಲ ನಂಜೇರುತ್ತದೆ ಎನ್ನುತ್ತಾರೆ. ಓರಗಿತ್ತಿಗೆ ಡಿ ಅಂಡ್ ಸಿ ಆದ ಮೇಲೆ ಮಕ್ಕಳೇ ಆಗಲಿಲ್ಲ, ಹಾಗಾಗಿ ನನಗೆ ಎರಡಕ್ಕೂ ಭಯ. ಯಜಮಾನರ ಸ್ನೇಹಿತರು ಔಷಧ ಅಂಗಡಿಯಲ್ಲಿ ಮಾತ್ರೆ ತಂದುಕೊಡುತ್ತೇನೆ ಎಂದಿದ್ದಾರೆ. ನನ್ನ ಹಿಮೋಗ್ಲೋಬಿನ್ 8.8, ರಕ್ತದ ಗುಂಪು ಬಿ ನೆಗೆಟಿವ್. ದಿನವೂ ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತಿದ್ದೆ, ಅದರಿಂದಲೇ ಹೀಗಾಯಿತೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಸುತ್ತಲಿನ ಎಲ್ಲರೂ ಅವಸರ ಮಾಡುತ್ತಿದ್ದಾರೆ, ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆಯುತ್ತಿದ್ದಾರೆ, ನಿಮಗೆ ಯೋಚಿಸಲು ಬಿಡುವೇ ಸಿಕ್ಕಿಲ್ಲ. ಆದ್ದರಿಂದ ಮೊದಲು ಒಂದು ಮಾತು: ನೀವು ಇಂದೇ ನಿರ್ಧರಿಸಬೇಕಾಗಿಲ್ಲ. ರಕ್ತಸ್ರಾವವಿಲ್ಲದ, ಜ್ವರವಿಲ್ಲದ, ಗರ್ಭಕೋಶದೊಳಗೇ ಇದೆ ಎಂದು ಸ್ಕ್ಯಾನಿನಲ್ಲಿ ಕಂಡ ಗರ್ಭ ಬಡಿತ ನಿಲ್ಲಿಸಿದೆ ಎಂಬ ಕಾರಣಕ್ಕೆ ತುರ್ತು ಪರಿಸ್ಥಿತಿ ಆಗುವುದಿಲ್ಲ. ನಿಮಗೆ ತಿಳಿಯುವ ಮೊದಲೇ ಅದು ಎರಡು ವಾರ ಹಾಗೆಯೇ ಇದ್ದಿರಬಹುದು. 8 ಮಿ.ಮೀ. ಎಂದರೆ ಸುಮಾರು ಆರು ವಾರ ಐದಾರು ದಿನದ ಬೆಳವಣಿಗೆ, ನಿಮ್ಮ ಲೆಕ್ಕ ಒಂಬತ್ತು ವಾರ. ಇನ್ನು ನಾಲ್ಕು ದಿನ ಯೋಚಿಸಿದರೆ ಹೊಸ ಅಪಾಯವೇನೂ ಹುಟ್ಟುವುದಿಲ್ಲ.

ನಂಜೇರುತ್ತದೆ ಎಂಬ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಹಿಂದೆ ಕಡ್ಡಿ, ಬೇರು, ಕೊಳಕು ಉಪಕರಣ ಹಾಕಿ ಗರ್ಭ ತೆಗೆಸಿಕೊಂಡು ನಂಜಾಗಿ ಸತ್ತ ಹೆಂಗಸರನ್ನು ನಿಮ್ಮ ಅತ್ತೆಯವರ ತಲೆಮಾರು ಕಣ್ಣಾರೆ ಕಂಡಿದೆ. ಅವರ ಭಯಕ್ಕೆ ಆಧಾರವಿದೆ, ಆದರೆ ಅದು ಈ ಸ್ಥಿತಿಗೆ ಸೇರಿದ್ದಲ್ಲ. ಅಲ್ಲಿ ಹೊರಗಿನಿಂದ ಸೋಂಕು ಒಳಗೆ ಹೋಗಿತ್ತು. ಬಾಯಿ ಮುಚ್ಚಿದ ಗರ್ಭಕೋಶದಲ್ಲಿ ತಾನಾಗಿ ಬಡಿತ ನಿಂತ ಗರ್ಭಕ್ಕೆ ಸೋಂಕು ತಗಲುವುದು ಅಪರೂಪ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಮೂರು ಗುಂಪು ಮಾಡಿ, ಕಾದವರು, ಮಾತ್ರೆ ತೆಗೆದುಕೊಂಡವರು, ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಎಂದು ಹೋಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲೂ ಸೋಂಕು ನೂರಕ್ಕೆ ಎರಡು-ಮೂರು ಮಾತ್ರ. ಕಾದವರಿಗೆ ಹೆಚ್ಚು ನಂಜಾಗಲಿಲ್ಲ.

ಈಗ, ನೀವು ಕೇಳದೇ ಇದ್ದರೂ ಕೇಳಬೇಕಾಗಿದ್ದ ಪ್ರಶ್ನೆ. ಬಡಿತ ನಿಂತಿರುವುದು ಖಚಿತವೇ? ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಭ್ರೂಣ 7 ಮಿ.ಮೀ. ಅಥವಾ ಹೆಚ್ಚು ಉದ್ದವಿದ್ದೂ ಬಡಿತ ಕಾಣದಿದ್ದರೆ, ಅಥವಾ ಗರ್ಭಚೀಲ ಸರಾಸರಿ 25 ಮಿ.ಮೀ. ದಾಟಿಯೂ ಒಳಗೆ ಭ್ರೂಣವೇ ಇಲ್ಲದಿದ್ದರೆ, ಗರ್ಭದ ಬೆಳವಣಿಗೆ ನಿಂತುಹೋಗಿದೆ ಎನ್ನಬಹುದು. ಹಿಂದೆ ಈ ಮಿತಿ ಇನ್ನೂ ಸಣ್ಣದಿತ್ತು. ಅಷ್ಟು ಚಿಕ್ಕ ಅಳತೆಯಲ್ಲಿ ತೀರ್ಪು ಕೊಟ್ಟರೆ ಬದುಕಿರುವ ಗರ್ಭವೂ ಕೆಲವೊಮ್ಮೆ ತಪ್ಪು ಪಟ್ಟಿಗೆ ಸೇರುತ್ತದೆ ಎಂದು 2011ರ ಹೊತ್ತಿಗೆ ಅಧ್ಯಯನಗಳು ತೋರಿಸಿದ ಮೇಲೆ ಮಿತಿಯನ್ನು ಏರಿಸಿದರು. ನಿಮ್ಮದು 8, ಮಿತಿ ದಾಟಿದೆ. ಆದರೆ ನಿಮಗೆ ಮಾಡಿದ್ದು ಹೊಟ್ಟೆಯ ಮೇಲಿನ ಸ್ಕ್ಯಾನ್. ಇಷ್ಟು ಸಣ್ಣ ಗರ್ಭದಲ್ಲಿ ಅದರ ಕಣ್ಣು ಮಂದ, ಒಂದು ಮಿಲಿಮೀಟರಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಹಾಗಾಗಿ ಏನನ್ನೂ ಮಾಡಿಸುವ ಮೊದಲು ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಿ, ಸಾಧ್ಯವಾದರೆ ಇನ್ನೊಬ್ಬ ವೈದ್ಯರಿಂದ. ಅನುಮಾನ ಉಳಿದರೆ ಏಳು ದಿನ ಬಿಟ್ಟು ಮತ್ತೊಮ್ಮೆ. ನಿಮ್ಮ ಲೆಕ್ಕಕ್ಕೂ ಬೆಳವಣಿಗೆಗೂ ಎರಡು ವಾರದ ಅಂತರ ಇರುವುದರಿಂದ ಫಲಿತಾಂಶ ಬದಲಾಗುತ್ತದೆ ಎಂಬ ಆಸೆಯನ್ನು ನಾನು ಕೊಡುವುದಿಲ್ಲ. ಆದರೂ ಎರಡನೆಯ ಸ್ಕ್ಯಾನ್ ಕೇಳುವುದು ನಿಮ್ಮ ಹಕ್ಕು. ‘ಅನುಮಾನವೇ?’ ಎಂದು ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ.

ವಾಕರಿಕೆ ಇನ್ನೂ ಇದೆಯಲ್ಲ ಎಂದು ಕೇಳುವಿರಿ. ಅದು ಮಾಸಿನ ಅಂಗಾಂಶ ತಯಾರಿಸುವ ಹಾರ್ಮೋನಿನ ಪ್ರಭಾವ. ಭ್ರೂಣ ನಿಂತ ಮೇಲೂ ಆ ಅಂಗಾಂಶ ಕೆಲವು ವಾರ ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರೂ ಎರಡು ಗೆರೆ ಬರುತ್ತದೆ. ಇದನ್ನು ನಂಬಿ, ಗರ್ಭ ಉಳಿಸಲೆಂದು ಪ್ರೊಜೆಸ್ಟರೋನ್ ಹಾರ್ಮೋನಿನ ಮಾತ್ರೆ, ಚುಚ್ಚುಮದ್ದು ಮುಂದುವರಿಸುವವರಿದ್ದಾರೆ. ನಿಂತ ಗರ್ಭವನ್ನು ಪ್ರೊಜೆಸ್ಟರೋನ್ ಎಬ್ಬಿಸುವುದಿಲ್ಲ. ಗರ್ಭ ತಾನಾಗಿ ಹೊರಬರುವುದು ತಡವಾಗಬಹುದು, ಹಣವೂ ಹೋಗುತ್ತದೆ.

ಸ್ಕೂಟರಿನ ಮಾತು. ಇಲ್ಲ, ಅದರಿಂದ ಅಲ್ಲ. ಪರಂಗಿ ಹಣ್ಣಿನಿಂದಲ್ಲ, ಬಿಂದಿಗೆ ಎತ್ತಿದ್ದರಿಂದಲ್ಲ, ಬಸ್ಸು ಹಂಪ್ ಮೇಲೆ ಎಗರಿದ್ದರಿಂದಲ್ಲ, ಗಂಡನ ಜತೆ ಕೂಡಿದ್ದರಿಂದಲೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ, ಕೆಲವು ಅಧ್ಯಯನಗಳಲ್ಲಿ ಅದಕ್ಕೂ ಹೆಚ್ಚಿಗೆ, ಕಾರಣ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಅಂಡಾಣು, ವೀರ್ಯಾಣು ಸೇರುವ ಹೊತ್ತಿಗೇ ಒಂದು ಹೆಚ್ಚು ಅಥವಾ ಒಂದು ಕಡಿಮೆ ಆಗಿರುತ್ತದೆ. ಅಂದರೆ ನಿಮಗೆ ಮುಟ್ಟು ತಪ್ಪುವ ಮೊದಲೇ, ನೀವು ಬಸುರಿ ಎಂದು ನಿಮಗೇ ತಿಳಿಯುವ ಮೊದಲೇ, ಅದರ ಹಣೆಬರಹ ನಿರ್ಧಾರವಾಗಿರುತ್ತದೆ. ಸ್ಕ್ಯಾನಿನಲ್ಲಿ ಖಚಿತವಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಹೀಗೆಯೇ ಹೋಗುತ್ತವೆ, ನಿಮ್ಮ ವಯಸ್ಸಿನಲ್ಲಿ ಸುಮಾರು ಹತ್ತು. ನಿಮ್ಮ ಬೀದಿಯಲ್ಲಿ ಯಾರಿಗೂ ಆಗಿಲ್ಲ ಎನ್ನಿಸಿದರೆ, ಯಾರೂ ಬಾಯಿಬಿಟ್ಟು ಹೇಳಿಲ್ಲ ಎಂದಷ್ಟೇ ಅರ್ಥ.

ಮುಂದೆ ಇರುವ ದಾರಿಗಳು ಮೂರು. ಒಂದು, ಕಾಯುವುದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ರಕ್ತಸ್ರಾವ ಶುರುವಾಗಿ ಗರ್ಭ ಹೊರಬರುತ್ತದೆ. ಆಗಲೇ ಸ್ರಾವ ಆರಂಭವಾಗಿ ಅರ್ಧ ಹೊರಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಇಷ್ಟೇ ಸಾಕು. ನಿಮ್ಮಂತೆ ಏನೂ ಶುರುವಾಗದವರಲ್ಲಿ ಅದು ನಾಲ್ಕಕ್ಕೆ ಮೂರರ ಆಸುಪಾಸು, ಮತ್ತು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಯಾರೂ ಹೇಳಲಾರರು. ಶಾಲೆಯ ತರಗತಿಯಲ್ಲೂ ಆಗಬಹುದು, ನಡುರಾತ್ರಿಯೂ ಆಗಬಹುದು.

ಎರಡು, ಮಾತ್ರೆ. ಮೊದಲು ಮಿಫೆಪ್ರಿಸ್ಟೋನ್, ಒಂದು ದಿನ ಕಳೆದು ಮಿಸೊಪ್ರೊಸ್ಟಾಲ್. ಎರಡನೆಯದನ್ನು ಮಾತ್ರ ಕೊಡುವವರೂ ಇದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡನ್ನೂ ಕೊಟ್ಟವರಲ್ಲಿ ನೂರಕ್ಕೆ 84 ಮಂದಿಗೆ ಒಂದೇ ಸುತ್ತಿನಲ್ಲಿ ಗರ್ಭ ಹೊರಬಂತು, ಮಿಸೊಪ್ರೊಸ್ಟಾಲ್ ಒಂದನ್ನೇ ಕೊಟ್ಟವರಲ್ಲಿ 67 ಮಂದಿಗೆ. ಒಳ್ಳೆಯ ದಾರಿ, ಉಪಕರಣ ಒಳಗೆ ಹೋಗುವುದಿಲ್ಲ, ಎಷ್ಟೋ ಹೆಂಗಸರು ಮನೆಯಲ್ಲಿಯೇ ಇರಬೇಕೆಂದು ಇದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಕೆಲವು ಗಂಟೆ ಜೋರು ಹೊಟ್ಟೆನೋವು, ಮುಟ್ಟಿಗಿಂತ ಬಹಳ ಹೆಚ್ಚು ರಕ್ತ, ಗಡ್ಡೆಗಡ್ಡೆಯಾಗಿ ಹೋಗುವುದು ಇವೆಲ್ಲ ಅದರ ಭಾಗ. ಮಾತ್ರೆ ಕೆಲಸ ಮಾಡುತ್ತಿರುವ ಲಕ್ಷಣವೇ ಅದು. ಅಂಗಡಿಯಿಂದ ತಂದುಕೊಡುತ್ತೇನೆ ಎನ್ನುವ ಸ್ನೇಹಿತರಿಗೆ ಧನ್ಯವಾದ ಹೇಳಿ ಬೇಡ ಎನ್ನಿ. ರಕ್ತ ಎಷ್ಟಿದೆ, ಗರ್ಭ ಎಲ್ಲಿದೆ, ಆಸ್ತಮಾ ಅಥವಾ ಹೃದಯದ ಕಾಯಿಲೆ ಇದೆಯೇ, ರಾತ್ರಿ ಎರಡು ಗಂಟೆಗೆ ಹೆಚ್ಚಾದರೆ ವಾಹನ ಯಾರದು, ಇದನ್ನು ಯಾವುದನ್ನೂ ಕೇಳದೆ ಕೈಗಿಟ್ಟ ಮಾತ್ರೆಯಿಂದ ರಕ್ತ ಕಳೆದುಕೊಂಡು ಬಂದವರನ್ನು ನಮ್ಮ ಎಲ್ಲ ತಾಲ್ಲೂಕು ಆಸ್ಪತ್ರೆಗಳೂ ನೋಡುತ್ತಲೇ ಇರುತ್ತವೆ.

ಮೂರು, ನಿಮ್ಮ ವೈದ್ಯರು ಹೇಳಿದ ಎಂವಿಎ. ಹೆಸರು ಭಯ ಹುಟ್ಟಿಸಿದರೂ ಉಪಕರಣ ಸರಳ. 60 ಮಿ.ಲೀ. ಹಿಡಿಯುವ ದೊಡ್ಡ ಪ್ಲಾಸ್ಟಿಕ್ ಸಿರಿಂಜು, ಅದಕ್ಕೆ ಒಂದೆರಡು ಗುಂಡಿ, ತುದಿಗೆ ಮೃದುವಾದ ಪ್ಲಾಸ್ಟಿಕ್ ಕೊಳವೆ. ಗುಂಡಿ ಮುಚ್ಚಿ ಹಿಡಿ ಎಳೆದರೆ ಒಳಗೆ ನಿರ್ವಾತ ಉಂಟಾಗುತ್ತದೆ. ಕೊಳವೆಯ ತುದಿ ಗರ್ಭಕೋಶದಲ್ಲಿರುವಾಗ ಗುಂಡಿ ಬಿಟ್ಟರೆ ಒಳಗಿದ್ದದ್ದು ಸಿರಿಂಜಿಗೆ ಬರುತ್ತದೆ. ವಿದ್ಯುತ್ ಬೇಡ, ದೊಡ್ಡ ಯಂತ್ರ ಬೇಡ. ಕರೆಂಟು ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತರಬೇತಿ ಪಡೆದ ವೈದ್ಯರು ಮಾಡಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಹನ್ನೆರಡು ವಾರದವರೆಗೆ ಇದನ್ನೇ ಹೇಳುತ್ತದೆ. ಗರ್ಭ ಎಷ್ಟು ವಾರದ್ದೋ ಹೆಚ್ಚುಕಡಿಮೆ ಅಷ್ಟೇ ಮಿಲಿಮೀಟರಿನ ಕೊಳವೆ ಸಾಕು, ನಿಮಗೆ ಏಳು ಅಥವಾ ಎಂಟು.

ಹೀರಿ ತೆಗೆಯುವ ವಿಧಾನವನ್ನು 1958ರಲ್ಲಿ ಚೀನಾದ ವೈದ್ಯರು ಪ್ರಕಟಿಸಿದರು. ಮೃದು ಕೊಳವೆಯನ್ನು ಜನಪ್ರಿಯಗೊಳಿಸಿದವನು ಕ್ಯಾಲಿಫೋರ್ನಿಯಾದ ಹಾರ್ವಿ ಕಾರ್ಮನ್, ಅವನು ವೈದ್ಯನೇ ಆಗಿರಲಿಲ್ಲ. ಪಕ್ಕದ ಬಾಂಗ್ಲಾದೇಶದಲ್ಲಿ 1970ರ ದಶಕದ ಕೊನೆಯಿಂದಲೂ ಸರ್ಕಾರಿ ಕಾರ್ಯಕ್ರಮದಲ್ಲಿಯೇ ಬಳಕೆಯಲ್ಲಿದೆ. ಇದನ್ನು ಹೇಳುತ್ತಿರುವುದು ‘ಹೊಸದೇನೋ ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು ಎಂಬ ಊಹೆಯಿಂದ.

ಅತ್ತೆಯವರ ವಾದ, ಪಾತ್ರೆಯ ತಳಕ್ಕೆ ಹತ್ತಿದ್ದನ್ನು ಕೆರೆದರೇ ಶುದ್ಧ ಎಂಬ ಅಡುಗೆಮನೆಯ ತರ್ಕ. ಗರ್ಭಕೋಶದಲ್ಲಿ ಅದು ತಲೆಕೆಳಗು. ಒಳಗೋಡೆಯಲ್ಲಿ ಎರಡು ಪದರಗಳಿವೆ. ಮೇಲಿನದು ಪ್ರತಿ ತಿಂಗಳು ಕಳಚಿ ಮುಟ್ಟಾಗಿ ಹೋಗುತ್ತದೆ. ಕೆಳಗಿನದು ಉಳಿದು ಮತ್ತೆ ಮೇಲಿನದನ್ನು ಬೆಳೆಸುತ್ತದೆ. ಗರ್ಭ ಅಂಟಿಕೊಂಡಿರುವುದು ಮೇಲಿನ ಪದರಕ್ಕೆ. ಹೀರಿದರೆ ಅದು ಸುಲಭವಾಗಿ ಬಿಟ್ಟು ಬರುತ್ತದೆ. ಡಿ ಅಂಡ್ ಸಿಯಲ್ಲಿ ಬಳಸುವ ಲೋಹದ ಚೂಪು ಅಂಚಿನ ಕ್ಯೂರೆಟ್‌ನಿಂದ ಕೆರೆದರೆ ಕೆಳಗಿನ ಪದರಕ್ಕೂ ಪೆಟ್ಟಾಗಬಹುದು, ಆಮೇಲೆ ಎದುರುಬದುರು ಗೋಡೆಗಳು ಅಂಟಿಕೊಳ್ಳುತ್ತವೆ. ಇಸ್ರೇಲಿನ ವೈದ್ಯ ಜೋಸೆಫ್ ಆಶರ್ಮನ್ 1948ರಲ್ಲಿ ವಿವರವಾಗಿ ಬರೆದದ್ದು ಇದನ್ನೇ. ಚೂಪು ಕ್ಯೂರೆಟ್‌ನಿಂದ ಕೆರೆಯುವುದು ಬೇಡ, ಹೀರಿ ತೆಗೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ, 2022ರ ಮಾರ್ಗಸೂಚಿಯಲ್ಲಿ ಮತ್ತೆ ಹೇಳಿದೆ. ಆದರೂ ನಮ್ಮಲ್ಲಿ ಕೆರೆಯುವುದು ನಿಂತಿಲ್ಲ, ಕೈಗೆ ಒಗ್ಗಿದ ಉಪಕರಣವನ್ನು ಬಿಡುವುದು ವೈದ್ಯರಿಗೂ ಕಷ್ಟ. ಕೆಲವರು ಹೀರಿದ ಮೇಲೆ ‘ಖಾತ್ರಿಗೆ’ ಎಂದು ಕೆರೆಯುತ್ತಾರೆ. ಅದೂ ಬೇಕಾಗಿಲ್ಲ. ಆದ್ದರಿಂದ ಚೀಟಿಯಲ್ಲಿ ಏನೇ ಬರೆದಿರಲಿ, ನೇರವಾಗಿ ಕೇಳಿ: ಡಾಕ್ಟರೇ, ನೀವು ಹೀರಿ ತೆಗೆಯುತ್ತೀರೋ, ಕೆರೆದು ತೆಗೆಯುತ್ತೀರೋ? ಈ ಒಂದು ಪ್ರಶ್ನೆ ಕೇಳಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ನೋವಿನ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ನೋವಾಗುತ್ತದೆ. ಅರ್ಧ-ಮುಕ್ಕಾಲು ಗಂಟೆ ಮೊದಲು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೊಡುತ್ತಾರೆ. ಗರ್ಭಕೋಶದ ಬಾಯಿ ಸಡಿಲವಾಗಲೆಂದು ಎರಡು-ಮೂರು ಗಂಟೆ ಮೊದಲು ಮಿಸೊಪ್ರೊಸ್ಟಾಲ್ ಇಡುವುದೂ ಉಂಟು, ಮೊದಲ ಬಸಿರಿನವರಿಗೆ ಇದರಿಂದ ಅನುಕೂಲ. ಮೂತ್ರ ವಿಸರ್ಜಿಸಿ ಮಲಗಿದ ಮೇಲೆ ಗರ್ಭಕೋಶದ ಬಾಯಿಯ ಅಕ್ಕಪಕ್ಕ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು ಕೊಡುತ್ತಾರೆ. ಹಲ್ಲು ಕೀಳುವಾಗ ಕೊಡುವ ಔಷಧವೇ ಅದು. ಚುಚ್ಚಿದಾಗ ಒಂದು ಚಿವುಟು, ಆಮೇಲೆ ಒತ್ತಿದಂತೆ. ಹೀರುವುದು ಹೆಚ್ಚೆಂದರೆ ಐದು-ಹತ್ತು ನಿಮಿಷ. ಕೊನೆಯ ಒಂದೆರಡು ನಿಮಿಷವೇ ಕಷ್ಟದ್ದು, ಏಕೆಂದರೆ ಖಾಲಿಯಾದ ಗರ್ಭಕೋಶ ಮುಷ್ಟಿ ಬಿಗಿದು ಕುಗ್ಗುತ್ತದೆ, ಜೋರು ಮುಟ್ಟಿನ ನೋವು ಬರುತ್ತದೆ. ಕೊಳವೆಯಲ್ಲಿ ಅಂಗಾಂಶ ಬರುವುದು ನಿಂತು ಕೆಂಪು ನೊರೆ ಮಾತ್ರ ಬರುವುದು, ಒಳಗೋಡೆ ತುದಿಗೆ ತರಿತರಿಯಾಗಿ ತಾಗುವುದು, ಗರ್ಭಕೋಶ ಕೊಳವೆಯನ್ನು ಹಿಡಿದುಕೊಳ್ಳುವುದು, ಇವು ಕೆಲಸ ಮುಗಿದ ಗುರುತು. ಅಂದರೆ ನಿಮಗೆ ಅತಿ ಹೆಚ್ಚು ನೋವಾಗುವ ಹೊತ್ತು ಮುಗಿಯುವ ಹೊತ್ತೂ ಹೌದು. ಇದನ್ನು ಮೊದಲೇ ಹೇಳಿಟ್ಟರೆ ಹೆಂಗಸರು ಹೆಚ್ಚು ಧೈರ್ಯದಿಂದ ಇರುವುದನ್ನು ನೋಡಿದ್ದೇನೆ. ಮಾತನಾಡಿಸುತ್ತ ಪಕ್ಕದಲ್ಲಿ ನಿಲ್ಲುವ ನರ್ಸ್ ಇದ್ದರೆ ಇನ್ನೂ ಒಳ್ಳೆಯದು. ಗಂಟೆ-ಎರಡು ಗಂಟೆ ಮಲಗಿಸಿಕೊಂಡು, ರಕ್ತಸ್ರಾವ ನೋಡಿ ಮನೆಗೆ ಕಳುಹಿಸುತ್ತಾರೆ. ನನಗೆ ಎಚ್ಚರವಿರುವುದೇ ಬೇಡ ಎನ್ನುವವರಿಗೆ ಅರಿವಳಿಕೆ ಕೊಟ್ಟೂ ಮಾಡಬಹುದು. ಅದು ಹೇಡಿತನವಲ್ಲ. ಅರಿವಳಿಕೆ ತಜ್ಞರು ಬೇಕು, ಉಪವಾಸ ಇರಬೇಕು, ಖರ್ಚು ಹೆಚ್ಚು, ಅಷ್ಟೇ.

ತೆಗೆದದ್ದನ್ನು ಹಾಗೇ ಎಸೆಯಬಾರದು. ಜಾಲರಿಯಲ್ಲಿ ತೊಳೆದು ತಿಳಿನೀರಿನ ಗಾಜಿನ ತಟ್ಟೆಯಲ್ಲಿ ಹಾಕಿ ಕೆಳಗಿನಿಂದ ಬೆಳಕು ಬಿಟ್ಟರೆ ಗರ್ಭದ ಅಂಗಾಂಶ ಬಿಳಿ ಎಳೆಎಳೆಯಾಗಿ ತೇಲುತ್ತದೆ. ಅದು ಕಂಡರೆ ಗರ್ಭ ಗರ್ಭಕೋಶದಲ್ಲೇ ಇತ್ತು, ಹೊರಬಂದಿದೆ ಎಂದು ಅಲ್ಲಿಯೇ ತಿಳಿಯುತ್ತದೆ. ಕಾಣದಿದ್ದರೆ ನಳಿಕೆಯಲ್ಲಿ ಗರ್ಭವಿದೆಯೇ ಎಂದು ಹುಡುಕಬೇಕು. ದ್ರಾಕ್ಷಿಗೊಂಚಲ ಗರ್ಭ ಎಂಬ ಅಪರೂಪದ ತೊಂದರೆ ತಪ್ಪಿಹೋಗದಿರಲು ಪ್ರಯೋಗಾಲಯಕ್ಕೂ ಕಳುಹಿಸಬೇಕು. ಕಳುಹಿಸುತ್ತೀರಾ ಎಂದು ಕೇಳಿ, ವರದಿ ಜೋಪಾನವಾಗಿಡಿ.

ಇನ್ನು ಅಪಾಯಗಳು. ಇಲ್ಲವೇ ಇಲ್ಲ ಎನ್ನುವವರನ್ನು ನಂಬಬೇಡಿ. ನೂರರಲ್ಲಿ ಎರಡು-ಮೂರು ಮಂದಿಗೆ ಸ್ವಲ್ಪ ಅಂಗಾಂಶ ಉಳಿದು ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಅಥವಾ ಮಾತ್ರೆ ಕೊಡಬೇಕಾಗುತ್ತದೆ. ಸೋಂಕಿನ ಲೆಕ್ಕ ಮೇಲೆಯೇ ಹೇಳಿದೆ. ಅದನ್ನು ಇನ್ನೂ ತಗ್ಗಿಸಲು ಮೊದಲೇ ಒಂದು ಡೋಸ್ ಆಂಟಿಬಯಾಟಿಕ್ ಕೊಡುತ್ತಾರೆ, ಒಂದು ವಾರದ ಕೋರ್ಸ್ ಬೇಕಾಗುವುದಿಲ್ಲ. ಗರ್ಭಕೋಶಕ್ಕೆ ತೂತಾಗುವುದು ಸಾವಿರದಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ರಕ್ತ ಕೊಡಬೇಕಾಗುವಷ್ಟು ಸ್ರಾವವೂ ವಿರಳ. ಮಾಡುವವರ ಅನುಭವ ಇಲ್ಲಿ ಬಹಳ ಮುಖ್ಯ. ಸಿರಿಂಜನ್ನು ಸರಿಯಾಗಿ ಶುದ್ಧೀಕರಿಸಿ ಮತ್ತೆ ಬಳಸುವುದುಂಟು, ಅದರಲ್ಲಿ ತಪ್ಪಿಲ್ಲ. ಒಳಗೆ ಹೋಗುವ ಕೊಳವೆ ಮಾತ್ರ ಕ್ರಿಮಿಮುಕ್ತವಾಗಿರಲೇಬೇಕು.

ಓರಗಿತ್ತಿಯ ಕಥೆ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಪತ್ರದಲ್ಲೇ ತಿಳಿಯುತ್ತದೆ. ಅವರನ್ನು ಪರೀಕ್ಷಿಸದೆ ಕಾರಣ ಹೇಳಲಾಗದು, ಆದರೆ ಕೇಳಬೇಕಾದ ಪ್ರಶ್ನೆಗಳಿವೆ. ಆಮೇಲೆ ಅವರ ಮುಟ್ಟು ಬಹಳ ಕಡಿಮೆಯಾಯಿತೇ, ನಿಂತೇ ಹೋಯಿತೇ? ಹಾಗಿದ್ದರೆ ಅಂಟುಗಳಾಗಿರಬಹುದು, ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಕೊಳವೆ ಹಾಕಿ ನೋಡಿ ಬಿಡಿಸಲು ಸಾಧ್ಯವಿದೆ. ನಮ್ಮ ದೇಶದಲ್ಲಿ ಇನ್ನೊಂದು ಕಳ್ಳ ಕಾರಣವಿದೆ, ಗರ್ಭಕೋಶದ ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ನಳಿಕೆ ಮುಚ್ಚಿ, ಒಳಗೋಡೆ ಅಂಟಿಸಿಬಿಡುತ್ತದೆ, ಅಪವಾದ ಡಿ ಅಂಡ್ ಸಿಗೆ ಬರುತ್ತದೆ. ಮುಟ್ಟು ಸರಿಯಾಗಿಯೇ ಬರುತ್ತಿದ್ದರೆ ಡಿ ಅಂಡ್ ಸಿಯನ್ನು ಪಕ್ಕಕ್ಕಿಟ್ಟು ಅಂಡಾಣು ಬಿಡುಗಡೆ, ಥೈರಾಯ್ಡ್ ನೋಡಬೇಕು, ಜತೆಗೆ ಅವರ ಯಜಮಾನರ ವೀರ್ಯ ಪರೀಕ್ಷೆಯನ್ನೂ ಮಾಡಿಸಬೇಕು. ಈ ಕೊನೆಯ ಪರೀಕ್ಷೆ ಎಷ್ಟೋ ಮನೆಗಳಲ್ಲಿ ಹತ್ತು ವರ್ಷವಾದರೂ ಆಗಿರುವುದಿಲ್ಲ. ಅವರಿಗೆ ತಜ್ಞರನ್ನು ಕಾಣಲು ಹೇಳಿ. ನಿಮ್ಮ ವಿಷಯಕ್ಕೆ ಬಂದರೆ, ಒಮ್ಮೆ ಹೀರಿ ತೆಗೆಸಿದ್ದರಿಂದ ಬಂಜೆತನ ಬರುವುದಿಲ್ಲ. ಮೇಲೆ ಹೇಳಿದ ಬ್ರಿಟನ್ನಿನ ಹೆಂಗಸರನ್ನು ವರ್ಷಗಳ ನಂತರ ಮತ್ತೆ ವಿಚಾರಿಸಿದರು. ಕಾದವರು, ಮಾತ್ರೆ ತೆಗೆದುಕೊಂಡವರು, ಶಸ್ತ್ರಕ್ರಿಯೆ ಮಾಡಿಸಿಕೊಂಡವರು, ಮೂರೂ ಗುಂಪಿನಲ್ಲಿ ಐದು ವರ್ಷದೊಳಗೆ ನೂರಕ್ಕೆ ಸುಮಾರು ಎಂಬತ್ತು ಮಂದಿಗೆ ಮಕ್ಕಳಾಗಿದ್ದವು. ಅಂಟಿನ ಅಪಾಯ ಹೆಚ್ಚುವುದು ಮುಖ್ಯವಾಗಿ ಪದೇ ಪದೇ ಕೆರೆಸಿದಾಗ.

ಹಾಗಾದರೆ ನಿಮಗೆ ಯಾವುದು? ಆರೋಗ್ಯವಂತ ಹೆಂಗಸಿಗೆ ಮೂರೂ ಸುರಕ್ಷಿತ, ಆಯ್ಕೆ ಅವಳ ಇಷ್ಟ ಎಂದು ಸಾಮಾನ್ಯವಾಗಿ ಹೇಳುತ್ತೇನೆ. ನಿಮ್ಮ ಪತ್ರದ ಎರಡು ಸಂಗತಿಗಳು ತಕ್ಕಡಿಯನ್ನು ಒಂದು ಕಡೆ ವಾಲಿಸುತ್ತವೆ. ಹಿಮೋಗ್ಲೋಬಿನ್ 8.8 ಎಂದರೆ ನಿಮ್ಮ ಬಳಿ ಕಳೆದುಕೊಳ್ಳಲು ಹೆಚ್ಚು ರಕ್ತವಿಲ್ಲ. ಕಾಯುವಾಗ, ಮಾತ್ರೆ ತೆಗೆದುಕೊಂಡಾಗ ಹೋಗುವಷ್ಟು ರಕ್ತ ಹೀರಿ ತೆಗೆಯುವಾಗ ಹೋಗುವುದಿಲ್ಲ. ಎರಡನೆಯದು ಆ ಒಂದೂವರೆ ಗಂಟೆ ದಾರಿ. ಆಸ್ಪತ್ರೆಯ ಪಕ್ಕದಲ್ಲಿ ತಂಗಿಯ ಮನೆಯೋ ತವರೋ ಇದ್ದು, ಹಿಮೋಗ್ಲೋಬಿನ್ 11 ಇದ್ದಿದ್ದರೆ ನಿಮ್ಮಿಷ್ಟ ಎನ್ನುತ್ತಿದ್ದೆ. ಈಗಿರುವ ಸ್ಥಿತಿಯಲ್ಲಿ ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ಮಾತ್ರೆಯೇ ಬೇಕೆನಿಸಿದರೆ ಆಸ್ಪತ್ರೆಯಲ್ಲಿ ದಾಖಲಾಗಿ ತೆಗೆದುಕೊಳ್ಳಿ. ಯಾವುದನ್ನೇ ಆರಿಸಿದರೂ ಈ ನಡುವೆ ಪ್ಯಾಡು ತೊಯ್ಯುವಂತೆ ರಕ್ತ ಶುರುವಾದರೆ ಯೋಚಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಬಿ ನೆಗೆಟಿವ್ ಎಂದಿದ್ದೀರಿ. ಯಜಮಾನರ ಗುಂಪು ಪಾಸಿಟಿವ್ ಆಗಿದ್ದರೆ, ಮುಂದಿನ ಮಗುವಿನ ರಕ್ತಕಣಗಳ ವಿರುದ್ಧ ನಿಮ್ಮ ದೇಹ ಪ್ರತಿಕಾಯ ತಯಾರಿಸದಿರಲೆಂದು ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಹನ್ನೆರಡು ವಾರದೊಳಗೆ ಇದು ಬೇಕೇ ಎಂಬುದರಲ್ಲಿ ಈಗ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬೇಡ ಎನ್ನುತ್ತದೆ, ಬ್ರಿಟನ್ನಿನ ಮಾರ್ಗಸೂಚಿ ಶಸ್ತ್ರಕ್ರಿಯೆ ಮಾಡಿದರೆ ಕೊಡಿ ಎನ್ನುತ್ತದೆ. ನಮ್ಮಲ್ಲಿ ಬಹುತೇಕರು ಕೊಡುತ್ತಾರೆ, ನಾನೂ ಕೊಡುತ್ತೇನೆ. 72 ಗಂಟೆಯೊಳಗೆ ಆಗಬೇಕು. ಗದ್ದಲದಲ್ಲಿ ಮರೆತುಹೋಗುವ ಚುಚ್ಚುಮದ್ದು ಇದು, ನೀವೇ ನೆನಪಿಸಿ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಎಷ್ಟೋ ದಂಪತಿಗಳು ‘ಇದೂ ಅಬಾರ್ಷನ್ನೇ ಅಲ್ಲವೇ, ಪೊಲೀಸು-ಗಿಲೀಸು ಆಗುವುದಿಲ್ಲವೇ’ ಎಂದು ಅಳುಕುತ್ತಾರೆ. ಬದುಕಿರುವ ಗರ್ಭವನ್ನು ಕೊನೆಗಾಣಿಸುವುದಕ್ಕೆ 1971ರ ಕಾಯ್ದೆ ಇದೆ. ತಾನಾಗಿ ನಿಂತದ್ದನ್ನು ತೆಗೆಯುವುದು ಚಿಕಿತ್ಸೆ. ಒಪ್ಪಿಗೆಯ ಸಹಿ ನಿಮ್ಮದು. ಯಜಮಾನರು ಊರಲ್ಲಿಲ್ಲ ಎಂದು ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. ಮೊದಲ ಸ್ಕ್ಯಾನಿನ ವರದಿಯನ್ನು ಮಾತ್ರ ಕಳೆದುಕೊಳ್ಳಬೇಡಿ.

ಮನೆಗೆ ಬಂದ ಮೇಲೆ ಒಂದೆರಡು ವಾರ ಸಣ್ಣಗೆ ರಕ್ತಸ್ರಾವವಿರುತ್ತದೆ, ಮಧ್ಯೆ ನಿಂತು ಮತ್ತೆ ಬರುವುದೂ ಉಂಟು. ಅದು ನಿಲ್ಲುವವರೆಗೆ ಗಂಡ-ಹೆಂಡತಿ ಕೂಡುವುದು ಬೇಡ. ಗಂಟೆಗೆ ಎರಡು ಪ್ಯಾಡಿನಂತೆ ಎರಡು ಗಂಟೆ ಸತತವಾಗಿ ತೊಯ್ದರೆ, ಜ್ವರ ಬಂದರೆ, ದುರ್ವಾಸನೆಯ ಸ್ರಾವವಿದ್ದರೆ, ಮಾತ್ರೆಗೂ ಬಗ್ಗದ ಹೊಟ್ಟೆನೋವಿದ್ದರೆ, ತಲೆಸುತ್ತಿ ಬಿದ್ದರೆ ಹಿಂದಿರುಗಿ ಆಸ್ಪತ್ರೆಗೆ. ಸ್ನಾನ ಮರುದಿನವೇ ಮಾಡಬಹುದು. ಮನೆಯಲ್ಲಿ ಅರ್ಧ ಬಾಣಂತನ ಶುರುಮಾಡಿ ವಿಶ್ರಾಂತಿ ಕೊಡುತ್ತೇವೆ ಎಂದರೆ ಸಂತೋಷವಾಗಿ ಒಪ್ಪಿಕೊಳ್ಳಿ, ಬಿಸಿನೀರು ಹಾಕಿಸಿಕೊಳ್ಳಿ. ನೀರು ಕುಡಿಯಬೇಡ, ಬೇಳೆ ತಿನ್ನಬೇಡ, ಸೊಪ್ಪು ನಂಜು ಎಂಬುದಕ್ಕೆ ಮಾತ್ರ ಒಪ್ಪಬೇಡಿ. ನಿಮ್ಮ ರಕ್ತಕ್ಕೆ ಅದೇ ಬೇಕು, ಜತೆಗೆ ಕಬ್ಬಿಣದ ಮಾತ್ರೆ ಕನಿಷ್ಠ ಮೂರು ತಿಂಗಳು. ಮಾತ್ರೆ ನುಂಗಿದ ಕೂಡಲೇ ಕಾಫಿ, ಚಹಾ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ರಜೆ ಕೇಳಲು ಸಂಕೋಚಪಡಬೇಡಿ. ಗರ್ಭಸ್ರಾವವಾದ ಉದ್ಯೋಗಸ್ಥ ಹೆಂಗಸಿಗೆ ಆರು ವಾರ ಸಂಬಳ ಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ವೈದ್ಯರ ಪ್ರಮಾಣಪತ್ರ ಬೇಕು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಇದನ್ನು ಮರೆತಿರುತ್ತವೆ ಅಥವಾ ಮರೆತಂತೆ ಇರುತ್ತವೆ. ಪತ್ರದಲ್ಲಿ ಬರೆದುಕೊಡಿ.

ಮನಸ್ಸಿನ ನೋವಿಗೆ ನನ್ನ ಬಳಿ ಚುಚ್ಚುಮದ್ದಿಲ್ಲ. ಎರಡು ತಿಂಗಳಿನದು ತಾನೇ, ಇನ್ನೊಂದಾಗುತ್ತದೆ ಬಿಡು ಎಂದು ಜನ ಸಮಾಧಾನಕ್ಕೆ ಹೇಳುತ್ತಾರೆ, ಕೇಳುವವರಿಗೆ ಅದು ಚುಚ್ಚುತ್ತದೆ. ಅಳು ಬಂದರೆ ಅಳಿ. ಯಜಮಾನರಿಗೂ ಸಂಕಟವಿರುತ್ತದೆ, ನಮ್ಮ ಗಂಡಸರಿಗೆ ಅದನ್ನು ತೋರಿಸುವ ರೂಢಿಯಿಲ್ಲ. ಒಂದು ತಿಂಗಳಾದರೂ ನಿದ್ದೆ ಬರದೆ, ಊಟ ಸೇರದೆ, ಬದುಕೇ ಬೇಡ ಎನ್ನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು.

ನಾಲ್ಕರಿಂದ ಆರು ವಾರದಲ್ಲಿ ಮುಟ್ಟು ಬರುತ್ತದೆ. ಅದಕ್ಕೂ ಮೊದಲೇ ಅಂಡಾಣು ಬಿಡುಗಡೆಯಾಗುವುದರಿಂದ, ಈಗಲೇ ಬಸಿರು ಬೇಡವೆಂದಿದ್ದರೆ ಮೊದಲ ದಿನದಿಂದಲೇ ಎಚ್ಚರಿಕೆ ಬೇಕು. ಆರು ತಿಂಗಳು ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಹೇಳಿದ್ದರು, ಬಹಳ ವೈದ್ಯರು ಈಗಲೂ ಅದನ್ನೇ ಹೇಳುತ್ತಾರೆ. ಆಮೇಲೆ ಸ್ಕಾಟ್ಲೆಂಡಿನ ಮೂವತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದಾಗ ಆರು ತಿಂಗಳೊಳಗೆ ಮತ್ತೆ ಬಸುರಿಯಾದವರಿಗೆ ತೊಂದರೆ ಹೆಚ್ಚಾಗಿರಲಿಲ್ಲ, ಕಡಿಮೆಯೇ ಇತ್ತು. ಹಾಗಾಗಿ ಒಂದು ಮುಟ್ಟು ಕಳೆದು ಮನಸ್ಸು ಒಪ್ಪಿದರೆ ಪ್ರಯತ್ನಿಸಬಹುದು ಎನ್ನುವುದು ನನ್ನ ಸಲಹೆ. ನೀವು ಮಾತ್ರ ಹಿಮೋಗ್ಲೋಬಿನ್ 11 ದಾಟುವವರೆಗೆ ಕಾಯಿರಿ, ಫೋಲಿಕ್ ಆಸಿಡ್ ಈಗಿನಿಂದಲೇ ತೆಗೆದುಕೊಳ್ಳಿ.

ಒಂದು ಗರ್ಭಸ್ರಾವಕ್ಕೆ ದೊಡ್ಡ ಪರೀಕ್ಷೆಗಳ ಪಟ್ಟಿ ಬೇಡ. ಟಾರ್ಚ್ ಪರೀಕ್ಷೆ (ಕೆಲವು ಸೋಂಕುಗಳಿಗೆ ಮಾಡುವ ರಕ್ತ ಪರೀಕ್ಷೆ) ಎಂದು ಸಾವಿರಾರು ರೂಪಾಯಿ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಊರುಗಳಲ್ಲಿ ಹಠ ಹಿಡಿದು ಕೂತಿದೆ. ಎಂದೋ ಬಂದು ಹೋದ ಸೋಂಕಿನ ಗುರುತನ್ನು ತೋರಿಸಿ ಹೆದರಿಸುವುದನ್ನು ಬಿಟ್ಟರೆ ಅದರಿಂದ ಉಪಯೋಗವಿಲ್ಲ. ಎರಡನೆಯ ಸಲವೂ ಹೀಗೇ ಆದರೆ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳು, ಗರ್ಭಕೋಶದ ಆಕಾರ ಇವನ್ನು ನೋಡೋಣ. ಮುಂದಿನ ಬಾರಿ ಮುಟ್ಟು ತಪ್ಪಿದರೆ ಏಳು ವಾರ ತುಂಬಿದ ಮೇಲೆ ಒಂದು ಸ್ಕ್ಯಾನ್ ಸಾಕು. ಅದಕ್ಕಿಂತ ಮೊದಲು ಮಾಡಿಸಿದರೆ ಬಡಿತ ಕಾಣಿಸದೆ ಮತ್ತೆ ಎರಡು ವಾರ ಗಾಬರಿಯಲ್ಲಿ ಕಳೆಯಬೇಕಾಗುತ್ತದೆ.